ಫ್ಯೂಷನ್ ರಿಯಾಕ್ಟರಿನ ಬೂದಿ ಅಳೆಯುವುದು ಹೇಗೆ? ಲ್ಯಾಬಿಗೆ ಕಾಲಿಡುವವರಿಗೆ ಒಂದು ಕೈಪಿಡಿ

ಬೈಕಿಗೆ ಎಮಿಷನ್ ಟೆಸ್ಟ್ ಮಾಡುವಾಗ ಸೈಲೆನ್ಸರಿಗೆ ಒಂದು ಕೊಳವೆ ತೂರಿಸುತ್ತಾರೆ, ಸ್ವಲ್ಪ ಹೊತ್ತಿಗೆ ಚೀಟಿ ಕೈಗೆ ಬರುತ್ತದೆ. ಹಗುರ ಪರಮಾಣುಗಳನ್ನು ಬೆಸೆದು ಶಕ್ತಿ ಪಡೆಯುವ ಫ್ಯೂಷನ್ ರಿಯಾಕ್ಟರಿಗೂ ಹಾಗೇ ಮಾಡಬಹುದಲ್ವಾ? ಒಳಗೆ 15 ಕೋಟಿ ಡಿಗ್ರಿ ಇದ್ದರೆ ಕೊಳವೆ ಉಳಿಯುತ್ತದಾ? ಫ್ಯೂಷನ್ ವಿಷಯ ಬರೆದಾಗಲೆಲ್ಲ ಈ ಎರಡು ಪ್ರಶ್ನೆ ಬಂದೇ ಬರುತ್ತವೆ. ಪ್ಲಾಸ್ಮಾ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡಲು ಹೊರಟ ವಿದ್ಯಾರ್ಥಿಗಳು ಮೂರನೆಯದನ್ನೂ ಕೇಳುತ್ತಾರೆ: ಮಾಸ್ ಸ್ಪೆಕ್ಟ್ರೋಮೀಟರ್ ಕೈಗೆ ಕೊಟ್ಟರೆ ಎಲ್ಲಿಂದ ಶುರು ಮಾಡಬೇಕು? ಈ ಲೇಖನ ಮುಖ್ಯವಾಗಿ ಅವರಿಗಾಗಿ.

ಉಷ್ಣತೆಯ ಪ್ರಶ್ನೆಯನ್ನು ಮೊದಲೇ ಮುಗಿಸೋಣ. 15 ಕೋಟಿ ಡಿಗ್ರಿ ಇರುವುದು ಪ್ಲಾಸ್ಮಾದ, ಅಂದರೆ ಕಾದು ವಿದ್ಯುದಂಶ ಪಡೆದ ಅನಿಲದ, ನಡುಭಾಗದಲ್ಲಿ ಮಾತ್ರ. ಅಲ್ಲಿಗೆ ಯಾರೂ ಕೊಳವೆ ಹಾಕುವುದಿಲ್ಲ. ಅಂಚಿನಿಂದ ಸೋರಿ ಬಂದ ಪ್ಲಾಸ್ಮಾವನ್ನು ಕಾಂತಕ್ಷೇತ್ರ ಎಳೆದು ತಂದು ಪಾತ್ರೆಯ ಕೆಳಭಾಗದ ಲೋಹದ ಫಲಕಗಳ ಮೇಲೆ ಬೀಳಿಸುತ್ತದೆ. ಈ ಭಾಗಕ್ಕೆ ಡೈವರ್ಟರ್ ಎನ್ನುತ್ತಾರೆ. ಒಲೆಯ ಕೆಳಗೆ ಬೂದಿ ಬೀಳುವ ಜಾಗ ಇದ್ದ ಹಾಗೆ. ಫಲಕಕ್ಕೆ ಬಡಿದ ಕಣಗಳು ತಣ್ಣಗಾಗಿ ಮತ್ತೆ ಮಾಮೂಲಿ ಅನಿಲವಾಗುತ್ತವೆ. ಅಲ್ಲಿಂದ ಪಂಪುಗಳು ಅದನ್ನು ಹೊರಗೆ ಎಳೆಯುತ್ತವೆ. ನಾವು ಅಳೆಯುವುದು ಈ ಅನಿಲವನ್ನು.

ಅಳೆಯುವುದು ಯಾಕೆ? ಡ್ಯೂಟೀರಿಯಂ ಮತ್ತು ಟ್ರಿಟಿಯಂ ಹೈಡ್ರೋಜನ್ನಿನ ಭಾರದ ರೂಪಗಳು, ತೂಕ 2 ಮತ್ತು 3. ಅವೆರಡೂ ಬೆಸೆದರೆ ಒಂದು ಹೀಲಿಯಂ, ಒಂದು ನ್ಯೂಟ್ರಾನ್ ಹುಟ್ಟುತ್ತವೆ. ನ್ಯೂಟ್ರಾನ್ ಹೊರಗೆ ಹಾರಿಹೋಗುತ್ತದೆ. ಹೀಲಿಯಂ ತನ್ನ ಶಾಖವನ್ನು ಪ್ಲಾಸ್ಮಾಕ್ಕೆ ಕೊಟ್ಟು ಅಲ್ಲೇ ಉಳಿಯುತ್ತದೆ. ಅದೇ ಬೂದಿ. ಬೂದಿ ತೆಗೆಯದ ಒಲೆಯಲ್ಲಿ ಬೆಂಕಿ ಮಂಕಾಗುವ ಹಾಗೆ, ಹೀಲಿಯಂ ಜಾಸ್ತಿ ಆದರೆ ಇಂಧನಕ್ಕೆ ಜಾಗ ಕಡಿಮೆಯಾಗಿ ಫ್ಯೂಷನ್ ಸೊರಗುತ್ತದೆ. ಎಷ್ಟು ಹುಟ್ಟಿತು, ಎಷ್ಟು ಹೊರಗೆ ಹೋಯಿತು ಎನ್ನುವುದು ಗೊತ್ತಿಲ್ಲದೆ ರಿಯಾಕ್ಟರನ್ನು ಗಂಟೆಗಟ್ಟಲೆ ನಡೆಸಲು ಆಗುವುದಿಲ್ಲ.

ಬೇಕಾಗುವ ಸಾಮಾನು

ಕ್ವಾಡ್ರುಪೋಲ್ ಮಾಸ್ ಸ್ಪೆಕ್ಟ್ರೋಮೀಟರ್. ಅನಿಲವನ್ನು ಎಲೆಕ್ಟ್ರಾನ್‌ಗಳಿಂದ ಹೊಡೆದು ಅಯಾನು ಮಾಡಿ, ನಾಲ್ಕು ಸರಳುಗಳ ನಡುವೆ ಕಳಿಸಿ, ತೂಕದ ಪ್ರಕಾರ ಎಣಿಸುವ ಉಪಕರಣ ಇದು. ಅಯಾನು ಎಂದರೆ ವಿದ್ಯುದಂಶ ಪಡೆದ ಕಣ. ಇದರ ಜೊತೆಗೆ ಅದಕ್ಕೇ ಮೀಸಲಾದ ಒಂದು ಟರ್ಬೊ ಪಂಪ್ (ವೇಗವಾಗಿ ತಿರುಗುವ ರೋಟರಿನಿಂದ ಅನಿಲ ಹೊರಹಾಕುವ ಪಂಪ್), ಒಟ್ಟು ಒತ್ತಡ ಅಳೆಯಲು ಒಂದು ಅಯಾನೀಕರಣ ಗೇಜ್, ತೆಳು ಲೋಹದ ಪೊರೆ ಬಾಗುವುದನ್ನು ನೋಡಿ ಒತ್ತಡ ಹೇಳುವ ಒಂದು ಕೆಪಾಸಿಟೆನ್ಸ್ ಗೇಜ್, ಶುದ್ಧ ಡ್ಯೂಟೀರಿಯಂ, ಶುದ್ಧ ಹೀಲಿಯಂ ಮತ್ತು ಇವೆರಡರ ಗೊತ್ತಿರುವ ಮಿಶ್ರಣದ ಸಿಲಿಂಡರುಗಳು. ಸಾಧ್ಯವಾದರೆ ಬೆಳಕು ನೋಡುವ ಒಂದು ಪೆನ್ನಿಂಗ್ ಗೇಜ್ ಕೂಡ. ಇದು ಯಾಕೆ ಬೇಕು ಎಂದು 6ನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಉಪಕರಣ ಮುಟ್ಟುವ ಮೊದಲು ಲೆಕ್ಕ ಹಾಕಿ

ಎಷ್ಟು ಹೀಲಿಯಂ ಬರಬೇಕು ಎಂದು ಮೊದಲೇ ತಿಳಿದಿದ್ದರೆ ಉಪಕರಣ ಹೇಳುವುದನ್ನು ಕಣ್ಣುಮುಚ್ಚಿ ನಂಬುವ ಅಪಾಯ ಇರುವುದಿಲ್ಲ.

ಫ್ರಾನ್ಸಿನ ದಕ್ಷಿಣದಲ್ಲಿ, ಕಾದರಾಶ್‌ನಲ್ಲಿ ಕಟ್ಟುತ್ತಿರುವ ಐಟರ್ ರಿಯಾಕ್ಟರನ್ನೇ ತೆಗೆದುಕೊಳ್ಳಿ. ಇದರಲ್ಲಿ ಭಾರತವೂ ಪಾಲುದಾರ. ಐಟರ್ ಗುರಿ 500 ಮೆಗಾವ್ಯಾಟ್ ಫ್ಯೂಷನ್ ಶಕ್ತಿ. ಒಂದು ಬೆಸುಗೆಯಿಂದ ಸಿಗುವುದು 17.6 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಎಲೆಕ್ಟ್ರಾನ್ ವೋಲ್ಟ್ ಎಂದರೆ ಕಣಗಳ ಶಕ್ತಿ ಹೇಳುವ ಅಳತೆ). ಭಾಗಿಸಿದರೆ ಸೆಕೆಂಡಿಗೆ ಹುಟ್ಟುವ ಹೀಲಿಯಂ ಪರಮಾಣುಗಳ ಸಂಖ್ಯೆ ಸಿಗುತ್ತದೆ: 18ರ ಮುಂದೆ 19 ಸೊನ್ನೆ. ಕೇಳಲು ದೊಡ್ಡದು. ತೂಕದಲ್ಲಿ ಸೆಕೆಂಡಿಗೆ ಬರೀ 1.2 ಮಿಲಿಗ್ರಾಂ. ವ್ಯಾಕ್ಯೂಮ್ ಕೆಲಸದವರ ಅಳತೆಯಲ್ಲಿ (ಒತ್ತಡವನ್ನು ಗಾತ್ರದಿಂದ ಗುಣಿಸಿ ಅನಿಲದ ಪ್ರಮಾಣ ಹೇಳುತ್ತಾರೆ) ಸೆಕೆಂಡಿಗೆ ಸುಮಾರು 0.7 ಪಾಸ್ಕಲ್ ಘನ ಮೀಟರ್. ಅದೇ ಹೊತ್ತಿಗೆ ಐಟರ್‌ನ ಪಂಪುಗಳು ಎಳೆಯಬೇಕಾದ ಒಟ್ಟು ಅನಿಲ ಸೆಕೆಂಡಿಗೆ 200 ಪಾಸ್ಕಲ್ ಘನ ಮೀಟರ್‌ವರೆಗೂ ಇರಬಹುದು. ಅಂದರೆ ಮುನ್ನೂರು ಭಾಗದಲ್ಲಿ ಒಂದು ಭಾಗ ಬೂದಿ. ಉಳಿದದ್ದರಲ್ಲಿ ಬಹುಪಾಲು ಉರಿಯದೆ ವಾಪಸ್ ಬಂದ ಇಂಧನ.

ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ ಜೆಟ್ (JET) ಎಂಬ ಫ್ಯೂಷನ್ ಯಂತ್ರ 2023ರಲ್ಲಿ 69 ಮೆಗಾಜೂಲ್ ಶಕ್ತಿ ಕೊಟ್ಟಾಗ ಉರಿದ ಇಂಧನ ಬರೀ 0.2 ಮಿಲಿಗ್ರಾಂ. ಅದರಿಂದ ಹುಟ್ಟಿದ ಹೀಲಿಯಂ ಇನ್ನೂ ಕಡಿಮೆ. ಇಷ್ಟು ಕಡಿಮೆ ಬೂದಿಯನ್ನು ರಾಶಿ ಇಂಧನದ ನಡುವೆ ಹುಡುಕಬೇಕು. ನಿಮ್ಮ ಯಂತ್ರಕ್ಕೂ ಇದೇ ಲೆಕ್ಕ ಹಾಕಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಹಂತ 2: ಉಪಕರಣಕ್ಕೆ ಜಾಗ ಹುಡುಕಿ

ಡೈವರ್ಟರಿಗೆ ಹತ್ತಿರ ಇದ್ದಷ್ಟೂ ಅಳತೆ ಬೇಗ ಸಿಗುತ್ತದೆ. ಆದರೆ ಹತ್ತಿರ ಹೋದಷ್ಟೂ ಕಾಂತಕ್ಷೇತ್ರ ಮತ್ತು ನ್ಯೂಟ್ರಾನ್ ಕಾಟ ಜಾಸ್ತಿ.

ಐಟರ್ ಪ್ಲಾಸ್ಮಾದ ನಡುವೆ ಕಾಂತಕ್ಷೇತ್ರ 5.3 ಟೆಸ್ಲಾ. ಭೂಮಿಯ ಕಾಂತಕ್ಷೇತ್ರಕ್ಕಿಂತ ಒಂದು ಲಕ್ಷ ಪಟ್ಟಿಗೂ ಮೇಲೆ. ಮಾಸ್ ಸ್ಪೆಕ್ಟ್ರೋಮೀಟರಿನೊಳಗಿನ ಎಲೆಕ್ಟ್ರಾನ್‌ಗಳಿಗೆ ಇದರ ಸಾವಿರದಲ್ಲಿ ಒಂದು ಪಾಲೂ ತಡೆಯುವುದಿಲ್ಲ. ಸಾಮಾನ್ಯವಾಗಿ ಅವು 70 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯಲ್ಲಿ ಹೋಗುತ್ತಿರುತ್ತವೆ. 1 ಮಿಲಿಟೆಸ್ಲಾ ಕ್ಷೇತ್ರ ಇದ್ದರೆ 3 ಸೆಂಟಿಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತವೆ. 10 ಮಿಲಿಟೆಸ್ಲಾ ಆದರೆ 3 ಮಿಲಿಮೀಟರ್. ದಾರಿಯೇ ತಪ್ಪಿಹೋಯಿತು. ಹಾಗಾಗಿ ಉಪಕರಣವನ್ನು ಕೆಲವು ಮೀಟರ್ ದೂರ ಇಟ್ಟು, ಮೃದು ಕಬ್ಬಿಣದ ಕವಚ ಹಾಕಿ, ಒಂದು ಪೈಪಿನಲ್ಲಿ ಅನಿಲ ತರಿಸಿಕೊಳ್ಳಬೇಕು.

ಎಚ್ಚರ: ಎಲ್ಲರೂ ಸ್ಪೆಕ್ಟ್ರೋಮೀಟರಿಗೆ ಕವಚ ಹಾಕುತ್ತಾರೆ, ಟರ್ಬೊ ಪಂಪನ್ನು ಮರೆಯುತ್ತಾರೆ. ವೇಗವಾಗಿ ತಿರುಗುವ ಲೋಹದ ರೋಟರಿನಲ್ಲಿ ಕಾಂತಕ್ಷೇತ್ರ ಸುಳಿ ವಿದ್ಯುತ್ತನ್ನು ಹುಟ್ಟಿಸಿ ಕಾಯಿಸುತ್ತದೆ. ಪಂಪ್ ಹಾಳಾಗುವುದು ಹೀಗೆ.

ಹಂತ 3: ಒತ್ತಡ ಇಳಿಸಿ

ಡೈವರ್ಟರಿನ ಕೆಳಗೆ ಅನಿಲದ ಒತ್ತಡ ಐಟರ್‌ನಂಥ ಯಂತ್ರದಲ್ಲಿ ಕೆಲವು ಪಾಸ್ಕಲ್ ಇರುತ್ತದೆ. ಕ್ವಾಡ್ರುಪೋಲ್ ಕೆಲಸ ಮಾಡಲು 0.01 ಪಾಸ್ಕಲ್‌ಗಿಂತ ಕಡಿಮೆ ಬೇಕು. ಹಾಗಾಗಿ ನಡುವೆ ಒಂದು ಸಣ್ಣ ರಂಧ್ರದ ತಟ್ಟೆ ಇಟ್ಟು, ಆ ಕಡೆ ಟರ್ಬೊ ಪಂಪ್ ಓಡಿಸಿ.

ಹಗುರ ಅನಿಲ ರಂಧ್ರದಲ್ಲಿ ಬೇಗ ನುಸುಳುತ್ತದೆ ಎನ್ನುವುದು ನೆನಪಿರಲಿ. ಕಡಿಮೆ ಒತ್ತಡದಲ್ಲಿ ಸಾಮಾನ್ಯ ಹೈಡ್ರೋಜನ್ ಡ್ಯೂಟೀರಿಯಂಗಿಂತ 1.4 ಪಟ್ಟು ಬೇಗ ಹೋಗುತ್ತದೆ. ಡ್ಯೂಟೀರಿಯಂ ಅಣುವಿನಲ್ಲಿ ಎರಡು ಪರಮಾಣು ಇರುತ್ತವೆ; ಹೀಲಿಯಂ ಮತ್ತು ಡ್ಯೂಟೀರಿಯಂ ಅಣು ಎರಡರ ತೂಕವೂ 4 ಆದ್ದರಿಂದ ರಂಧ್ರದಲ್ಲಿ ಒಂದೇ ವೇಗ. ಈ ಒಂದು ಹಂತದಲ್ಲಿ ಮಾತ್ರ ಆ ಸಮಾನತೆ ನಮಗೆ ಒಳ್ಳೆಯದು.

ಹಂತ 4: ಒಟ್ಟು ಒತ್ತಡ ಅಳೆಯಿರಿ

ಯಾವ ಅನಿಲ ಎಷ್ಟು ಪಾಲು ಎಂದು ತಿಳಿದರೆ ಸಾಲದು, ಒಟ್ಟು ಎಷ್ಟಿದೆ ಎಂದೂ ಬೇಕು. ಯಂತ್ರದ ಒಳಗೇ, ಟೆಸ್ಲಾಗಟ್ಟಲೆ ಕ್ಷೇತ್ರದಲ್ಲೇ ಕೆಲಸ ಮಾಡುವ ಒಂದು ಗೇಜ್ ಇದೆ. ಜರ್ಮನಿಯ ಗಾರ್ಶಿಂಗ್‌ನಲ್ಲಿ ಹುಟ್ಟಿದ್ದು, ಅಲ್ಲಿನ ಆಸ್ಡೆಕ್ಸ್ ಯಂತ್ರದ ಹೆಸರೇ ಅದಕ್ಕೆ ಉಳಿದಿದೆ. ದಪ್ಪ ಟಂಗ್‌ಸ್ಟನ್ ತಂತಿಯನ್ನು ಕಾಯಿಸಿ ಎಲೆಕ್ಟ್ರಾನ್ ಹೊರಡಿಸುತ್ತಾರೆ. ಕಾಂತಕ್ಷೇತ್ರವನ್ನು ತಡೆಯುವ ಬದಲು ಅದರ ಗೆರೆಗಳ ಉದ್ದಕ್ಕೇ ಎಲೆಕ್ಟ್ರಾನ್‌ಗಳನ್ನು ಓಡಿಸುತ್ತಾರೆ. ನನಗೆ ಈ ಉಪಾಯ ತುಂಬಾ ಇಷ್ಟ, ಶತ್ರುವನ್ನೇ ದಾರಿ ಮಾಡಿಕೊಂಡಂತೆ. ಆದರೆ ಗೇಜನ್ನು ಕ್ಷೇತ್ರದ ದಿಕ್ಕಿಗೆ ಸರಿಯಾಗಿ ಕೂರಿಸಬೇಕು. ಜಾಸ್ತಿ ವಾಲಿದರೆ ಓದು ಕೆಡುತ್ತದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಅಯಾನೀಕರಣ ಗೇಜುಗಳು ಸಾಮಾನ್ಯವಾಗಿ ನೈಟ್ರೋಜನ್ನಿಗೆ ಹೊಂದಿಸಿದವು. ಅದೇ ಗೇಜ್ ಹೈಡ್ರೋಜನ್ನಿಗೆ ಸುಮಾರು 0.4ರಷ್ಟು, ಹೀಲಿಯಂಗೆ ಸುಮಾರು 0.18ರಷ್ಟು ಮಾತ್ರ ಸ್ಪಂದಿಸುತ್ತದೆ. ಶುದ್ಧ ಹೀಲಿಯಂ ಇದ್ದಾಗ ಪರದೆಯ ಮೇಲಿನ ಅಂಕಿಯನ್ನು 0.18ರಿಂದ ಭಾಗಿಸಬೇಕು. ಮರೆತರೆ ಐದು ಪಟ್ಟು ತಪ್ಪು.

ಎರಡನೆಯದು ಉಷ್ಣತೆ. ಈ ಗೇಜ್ ನಿಜವಾಗಿ ಎಣಿಸುವುದು ಎಷ್ಟು ಕಣ ಇವೆ ಎಂದು, ಒತ್ತಡವನ್ನಲ್ಲ. ಗೇಜಿನ ಜಾಗ 300 ಕೆಲ್ವಿನ್, ಡೈವರ್ಟರಿನ ಅನಿಲ 600 ಕೆಲ್ವಿನ್ ಇದ್ದರೆ, ಕಡಿಮೆ ಒತ್ತಡದಲ್ಲಿ ಎರಡೂ ಕಡೆಯ ಒತ್ತಡ ಒಂದೇ ಇರುವುದಿಲ್ಲ. ಬಿಸಿ ಕಡೆ 1.4 ಪಟ್ಟು ಜಾಸ್ತಿ. ಲೆಕ್ಕದಲ್ಲಿ ಯಾವ ಉಷ್ಣತೆ ಹಾಕಿದಿರಿ ಎಂದು ಯಾವಾಗಲೂ ಬರೆದಿಡಿ.

ಹಂತ 5: ಹಿನ್ನೆಲೆ ಮತ್ತು ವೇಷಧಾರಿಗಳು

ಪ್ಲಾಸ್ಮಾ ಇಲ್ಲದಾಗಲೂ ಉಪಕರಣ ಏನೋ ತೋರಿಸುತ್ತಿರುತ್ತದೆ. ಗೋಡೆಯಿಂದ ನೀರು, ಹಳೆಯ ಅನಿಲ ಹೊರಬರುತ್ತಿರುತ್ತವೆ. ಪೈಪನ್ನು 150 ಡಿಗ್ರಿ ಮೇಲೆ ಒಂದೆರಡು ದಿನ ಕಾಯಿಸಿ. ತಣ್ಣಗಾದ ಮೇಲೆ 1ರಿಂದ 50ರವರೆಗೆ ಎಲ್ಲ ತೂಕಗಳ ಓದನ್ನು ಉಳಿಸಿಕೊಳ್ಳಿ. ಪ್ರತಿ ಪ್ರಯೋಗಕ್ಕೆ ಮುಂಚೆ, ಆಮೇಲೆ, ಎರಡೂ ಸಲ. ಬೇಸರದ ಕೆಲಸ ನಿಜ, ಆದರೆ ಇದನ್ನು ಬಿಟ್ಟವರ ದತ್ತಾಂಶ ಆಮೇಲೆ ಯಾರಿಗೂ ಪ್ರಯೋಜನಕ್ಕೆ ಬರುವುದಿಲ್ಲ.

ಈಗ ವೇಷಧಾರಿಗಳು. ಸ್ಪೆಕ್ಟ್ರೋಮೀಟರಿಗೆ ಹೆಸರು ಗೊತ್ತಿಲ್ಲ, ತೂಕ ಮಾತ್ರ ಗೊತ್ತು. ಅದೂ ತೂಕವನ್ನು ವಿದ್ಯುದಂಶದಿಂದ ಭಾಗಿಸಿದ ಸಂಖ್ಯೆ.

20 ನೋಡಿ. ಡೈವರ್ಟರ್ ತಣ್ಣಗಿಡಲು ನಿಯಾನ್ ಅನಿಲವನ್ನು ಬೇಕಂತಲೇ ಬಿಡುತ್ತಾರೆ, ಅದರ ತೂಕ 20. ಆದರೆ 40 ತೂಕದ ಆರ್ಗಾನ್ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ ಅದೂ 20ರಲ್ಲಿ ಕಾಣುತ್ತದೆ. ಡ್ಯೂಟೀರಿಯಂ ಸೇರಿದ ಭಾರಜಲ 20. ಡ್ಯೂಟೀರಿಯಂ ಮೀಥೇನ್ 20. ನೈಟ್ರೋಜನ್ ಬಿಟ್ಟಿದ್ದರೆ ಹುಟ್ಟುವ ಡ್ಯೂಟೀರಿಯಂ ಅಮೋನಿಯಾ ಕೂಡ 20. ನಿಜವಾಗಿ ನಿಯಾನ್ ಹೌದೇ ಎಂದು ತಿಳಿಯಲು 22 ನೋಡಿ. ನಿಯಾನ್‌ನಲ್ಲಿ ಸುಮಾರು 9 ಶೇಕಡಾ 22 ತೂಕದ್ದು. ಅಲ್ಲೂ ಒಂದು ಮೋಸ ಇದೆ: 44ರ ಕಾರ್ಬನ್ ಡೈಆಕ್ಸೈಡ್ ಎರಡು ಎಲೆಕ್ಟ್ರಾನ್ ಕಳೆದುಕೊಂಡರೆ 22. ಹಾಗಾಗಿ 44ನ್ನೂ ನೋಡಿಕೊಳ್ಳಿ.

28 ಬಂದರೆ ನೈಟ್ರೋಜನ್ ಇರಬಹುದು, ಕಾರ್ಬನ್ ಮೊನಾಕ್ಸೈಡ್ ಇರಬಹುದು. 14 ಏರಿದ್ದರೆ ಮೊದಲನೆಯದು, 12 ಏರಿದ್ದರೆ ಎರಡನೆಯದು. 28ರ ಜೊತೆ 32 ಮತ್ತು 40 ಕೂಡ ಎದ್ದಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ.

6ರಲ್ಲಿ ಏನಾದರೂ ಕಂಡರೆ ಟ್ರಿಟಿಯಂ ಅಣು ಎಂದು ಹೆದರಬೇಡಿ. ಡ್ಯೂಟೀರಿಯಂ ಒತ್ತಡ ಜಾಸ್ತಿ ಇದ್ದರೆ ಉಪಕರಣದೊಳಗೇ ಮೂರು ಡ್ಯೂಟೀರಿಯಂ ಸೇರಿ 6 ತೂಕದ ಅಯಾನು ಆಗುತ್ತದೆ. ಒತ್ತಡವನ್ನು ಅರ್ಧಕ್ಕೆ ಇಳಿಸಿ ನೋಡಿ. ನಿಜವಾದ ಟ್ರಿಟಿಯಂ ಅರ್ಧಕ್ಕೆ ಇಳಿಯುತ್ತದೆ, ಈ ವೇಷಧಾರಿ ಹೆಚ್ಚುಕಮ್ಮಿ ಕಾಲು ಭಾಗಕ್ಕೆ.

ಹಂತ 6: ನಾಲ್ಕರ ಗಂಟು

ಇದು ಇಡೀ ಕೆಲಸದ ತಿರುಳು. ನಮಗೆ ಬೇಕಾದ ಹೀಲಿಯಂ ತೂಕ 4. ಅದನ್ನು ಮುಚ್ಚಿಹಾಕುವ ಡ್ಯೂಟೀರಿಯಂ ಅಣು ತೂಕವೂ 4. ಸರಿಯಾಗಿ ಹೇಳಬೇಕೆಂದರೆ 4.0026 ಮತ್ತು 4.0282. ಒಂದೊಂದು ಕಿಲೋದ ಎರಡು ಸಕ್ಕರೆ ಪೊಟ್ಟಣ, ಒಂದರಲ್ಲಿ 6 ಗ್ರಾಂ ಜಾಸ್ತಿ. ಅಂಗಡಿಯ ಮುಳ್ಳಿನ ತಕ್ಕಡಿ ಇದನ್ನು ಹೇಳೀತೇ? ಸಾಮಾನ್ಯ ಕ್ವಾಡ್ರುಪೋಲ್ ಕೂಡ ಹೇಳುವುದಿಲ್ಲ. ಬಿಡಿಸಲು ಮೂರು ದಾರಿ ಇವೆ.

ಮೊದಲನೆಯದು ಒಳ್ಳೆಯ ತಕ್ಕಡಿ ತರುವುದು. ಹಗುರ ಅನಿಲಗಳಿಗೆಂದೇ ಮಾಡಿದ, 160ರಲ್ಲಿ ಒಂದು ಭಾಗದ ವ್ಯತ್ಯಾಸ ಗುರುತಿಸುವ ಸ್ಪೆಕ್ಟ್ರೋಮೀಟರುಗಳಿವೆ. ಓದಿನ ಗ್ರಾಫಿನಲ್ಲಿ ಎರಡು ಶಿಖರಗಳು ಬೇರೆ ಬೇರೆ ಕಾಣುತ್ತವೆ. ಆದರೆ ದುಬಾರಿ, ಸಂಕೇತ ಸಣ್ಣದು, ಪಕ್ಕದ ದೊಡ್ಡ ಡ್ಯೂಟೀರಿಯಂ ಶಿಖರದ ಬಾಲ ಹೀಲಿಯಂ ಮೇಲೆ ಬೀಳುತ್ತದೆ.

ಎರಡನೆಯದು ಹೊಡೆತದ ಶಕ್ತಿಯನ್ನು ಬದಲಿಸುವುದು. ಡ್ಯೂಟೀರಿಯಂ ಅಣುವಿನಿಂದ ಎಲೆಕ್ಟ್ರಾನ್ ಕೀಳಲು ಸುಮಾರು 15.5 ಎಲೆಕ್ಟ್ರಾನ್ ವೋಲ್ಟ್ ಸಾಕು. ಹೀಲಿಯಂಗೆ 24.6 ಬೇಕು. ನೀವು 20 ಎಲೆಕ್ಟ್ರಾನ್ ವೋಲ್ಟಿನಲ್ಲಿ ಹೊಡೆದರೆ ಡ್ಯೂಟೀರಿಯಂ ಮಾತ್ರ ಕಾಣುತ್ತದೆ. 70ರಲ್ಲಿ ಹೊಡೆದರೆ ಎರಡೂ.

ಒಂದು ಉದಾಹರಣೆ ಮಾಡೋಣ, ಅಂಕಿಗಳು ವಿವರಣೆಗೆ ಮಾತ್ರ. ಶುದ್ಧ ಡ್ಯೂಟೀರಿಯಂ ಬಿಟ್ಟಾಗ 20ರಲ್ಲಿ 8, 70ರಲ್ಲಿ 100 ಬಂತು. ಈಗ ರಿಯಾಕ್ಟರಿನ ಅನಿಲ ಬಿಟ್ಟಿರಿ: 20ರಲ್ಲಿ 8, 70ರಲ್ಲಿ 103. ಆ 3 ಹೀಲಿಯಂನದು. ಹಾಗಂತ ಹೀಲಿಯಂ 3 ಶೇಕಡಾ ಎನ್ನಬೇಡಿ. ಹೀಲಿಯಂ ಸುಲಭವಾಗಿ ಅಯಾನು ಆಗುವುದಿಲ್ಲ, ಡ್ಯೂಟೀರಿಯಂಗಿಂತ ಎರಡೂವರೆ ಪಟ್ಟಿನ ಹತ್ತಿರ ಕಮ್ಮಿ ಸ್ಪಂದಿಸುತ್ತದೆ. ಆದ್ದರಿಂದ ನಿಜವಾದ ಹೀಲಿಯಂ 7 ಶೇಕಡಾ ಆಸುಪಾಸು.

ಇಲ್ಲಿ ಅಪಾಯ ಎಲ್ಲಿದೆ ನೋಡಿ. 20ರಲ್ಲಿ ಬಂದ 8ರಲ್ಲಿ ಒಂದು ಶೇಕಡಾ ತಪ್ಪಾದರೆ, ಡ್ಯೂಟೀರಿಯಂ ಪಾಲು 100ರ ಬದಲು 99 ಅಥವಾ 101 ಆಗುತ್ತದೆ. ಹೀಲಿಯಂ 2 ಅಥವಾ 4 ಆಗಿಬಿಡುತ್ತದೆ. ಮೊದಲಿನ ಒಂದು ಶೇಕಡಾ ತಪ್ಪು ಕೊನೆಯಲ್ಲಿ ಮೂವತ್ತು ಶೇಕಡಾ ಮೀರುತ್ತದೆ. ಅದಕ್ಕೇ ಕಡಿಮೆ ಶಕ್ತಿಯ ಓದನ್ನು ಜಾಸ್ತಿ ಹೊತ್ತು ತೆಗೆದುಕೊಳ್ಳಿ. ಇನ್ನೊಂದು ವಿಷಯ: ಡಯಲಿನಲ್ಲಿ 20 ಎಂದಿದ್ದರೆ ನಿಜವಾದ ಶಕ್ತಿ 20 ಇರಬೇಕೆಂದಿಲ್ಲ. ಶುದ್ಧ ಹೀಲಿಯಂ ಬಿಟ್ಟು, ಡಯಲನ್ನು ಮೆಲ್ಲಗೆ ಏರಿಸುತ್ತಾ, ಸಂಕೇತ ಎಲ್ಲಿ ಶುರುವಾಗುತ್ತದೆ ಎಂದು ನೋಡಿ. ಅದೇ ನಿಮ್ಮ ನಿಜವಾದ 24.6.

ಮೂರನೆಯದು ಬೆಳಕು. ಪೆನ್ನಿಂಗ್ ಗೇಜಿನೊಳಗೆ ಅನಿಲ ಸಣ್ಣಗೆ ಹೊಳೆಯುತ್ತದೆ. ಹೀಲಿಯಂ 587.6 ನ್ಯಾನೊಮೀಟರಿನಲ್ಲಿ ಹಳದಿ, ಡ್ಯೂಟೀರಿಯಂ 656.1ರಲ್ಲಿ ಕೆಂಪು. ತೂಕ ಒಂದೇ ಆದರೂ ಬಣ್ಣ ಬೇರೆ, ಅಡಗಲು ಆಗುವುದಿಲ್ಲ. ಹೊಳಪು ಒಟ್ಟು ಒತ್ತಡದ ಜೊತೆ ಬದಲಾಗುವುದರಿಂದ, ಬೇರೆ ಬೇರೆ ಒತ್ತಡದಲ್ಲಿ ಗೊತ್ತಿರುವ ಮಿಶ್ರಣ ಬಿಟ್ಟು ಪಟ್ಟಿ ಮಾಡಿಕೊಳ್ಳಬೇಕು. ಕಿಟಕಿಯ ಗಾಜು ಮಸುಕಾಗುತ್ತಾ ಹೋಗುತ್ತದೆ, ಆಗಾಗ ಪರೀಕ್ಷಿಸಿ.

ನನ್ನ ಸಲಹೆ: ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಬಳಸಿ. ಎರಡೂ ಒಪ್ಪಿದರೆ ಮಾತ್ರ ಅಂಕಿಯನ್ನು ಹೊರಗೆ ಹೇಳಿ. ಐಟರ್‌ಗಾಗಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ರೂಪಿಸಿದ ಅನಿಲ ವಿಶ್ಲೇಷಕದಲ್ಲೂ ಮಾಸ್ ಸ್ಪೆಕ್ಟ್ರೋಮೀಟರ್ ಮತ್ತು ಬೆಳಕಿನ ಉಪಕರಣ ಜೊತೆಯಲ್ಲೇ ಇವೆ. ಅದರ ಮಾದರಿಯನ್ನು ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರದಲ್ಲಿ ಓಡಿಸಿ ನೋಡಿದ್ದಾರೆ.

ಹಂತ 7: ಯಂತ್ರದಲ್ಲೇ ಕ್ಯಾಲಿಬ್ರೇಟ್ ಮಾಡಿ, ತಡ ಎಷ್ಟು ನೋಡಿ

ಮೇಜಿನ ಮೇಲೆ ಮಾಡಿದ ಕ್ಯಾಲಿಬ್ರೇಷನ್ ಯಂತ್ರಕ್ಕೆ ಜೋಡಿಸಿದ ಮೇಲೆ ನಿಲ್ಲುವುದಿಲ್ಲ. ಪ್ಲಾಸ್ಮಾ ಇಲ್ಲದೆ, ಪಂಪ್ ವಾಲ್ವ್ ಮುಚ್ಚಿ, ಪಾತ್ರೆಗೆ ಗೊತ್ತಿರುವಷ್ಟು ಅನಿಲ ಬಿಡಿ. ಕೆಪಾಸಿಟೆನ್ಸ್ ಗೇಜ್ ಯಾವ ಅನಿಲವಾದರೂ ಒಂದೇ ರೀತಿ ಓದುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಕಾಂತಕ್ಷೇತ್ರ ಇಲ್ಲದೆ ಒಮ್ಮೆ, ಕ್ಷೇತ್ರ ಹಾಕಿ ಇನ್ನೊಮ್ಮೆ.

ತಡ ಅಳೆಯುವುದು ಸುಲಭ. ವಾಲ್ವಿನಿಂದ ಒಂದು ಚಿಟಿಕೆ ಅನಿಲ ಬಿಟ್ಟು, ಎಷ್ಟು ಹೊತ್ತಿಗೆ ಓದು ಏರುತ್ತದೆ ನೋಡಿ. ಉಪಕರಣದ ಕೋಣೆ 1 ಲೀಟರ್, ಪಂಪ್ ವೇಗ ಸೆಕೆಂಡಿಗೆ 1 ಲೀಟರ್ ಇದ್ದರೆ ಓದು ಸುಮಾರು ಒಂದು ಸೆಕೆಂಡ್ ಹಿಂದೆ ಇರುತ್ತದೆ. ಪೈಪಿನ ತಡ ಬೇರೆ. ಪ್ಲಾಸ್ಮಾದಲ್ಲಿ ಕಂಡ ಬದಲಾವಣೆಗೂ ಅನಿಲದ ಓದಿಗೂ ಸಂಬಂಧ ಹೇಳುವ ಮುಂಚೆ ಈ ತಡ ಕಳೆಯಲೇಬೇಕು.

ಹಂತ 8: ಬಂದ ಹೀಲಿಯಂ ಬೂದಿಯೇ ಹೌದಾ?

ಎಲ್ಲ ಸರಿಯಾಗಿದ್ದರೂ ಕೊನೆಗೆ ಒಂದು ಸಂಶಯ ಉಳಿಯುತ್ತದೆ. ಪಾತ್ರೆಯ ಗೋಡೆ ಸ್ವಚ್ಛ ಮಾಡಲು ಹೀಲಿಯಂನಲ್ಲೇ ಗ್ಲೋ ಡಿಸ್ಚಾರ್ಜ್ (ಅನಿಲದಲ್ಲಿ ವಿದ್ಯುತ್ ಹರಿಸಿ ಹೊಳೆಯಿಸುವುದು) ನಡೆಸುವ ರೂಢಿ ಇದೆ. ಗೋಡೆ ಕುಡಿದ ಆ ಹೀಲಿಯಂ ಮರುದಿನ ಪ್ರಯೋಗದಲ್ಲಿ ಹೊರಬರುತ್ತದೆ. ನಿನ್ನೆ ಏನು ನಡೆಯಿತು ಎಂದು ಲಾಗ್ ಬುಕ್ ನೋಡದೆ ಬೂದಿ ಸಿಕ್ಕಿತು ಎನ್ನಬೇಡಿ.

ಪಂಪಿನ ಕಡೆಯೂ ಗಮನ ಇರಲಿ. ಐಟರ್‌ನ ಪಂಪುಗಳು ಅನಿಲವನ್ನು ಅತಿ ತಣ್ಣನೆಯ ಫಲಕಗಳ ಮೇಲೆ ಹಿಡಿಯುತ್ತವೆ. ಹೀಲಿಯಂ ಆ ಚಳಿಗೂ ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಫಲಕಗಳ ಮೇಲೆ ಇದ್ದಿಲಿನ ಪುಡಿ ಅಂಟಿಸುತ್ತಾರೆ, ಅದೂ ತೆಂಗಿನ ಕರಟದ ಇದ್ದಿಲು. ಅದರ ಸಣ್ಣ ಸಣ್ಣ ರಂಧ್ರಗಳಲ್ಲಿ ಹೀಲಿಯಂ ಸಿಕ್ಕಿಕೊಳ್ಳುತ್ತದೆ. ನಮ್ಮ ಹಿತ್ತಲಿನ ಕರಟ ಎಲ್ಲಿಯವರೆಗೆ ಹೋಯಿತು ನೋಡಿ! ಇದ್ದಿಲು ತುಂಬಿದರೆ ಡೈವರ್ಟರಿನಲ್ಲಿ ಹೀಲಿಯಂ ಓದು ಏರುತ್ತದೆ. ಆಗ ಫ್ಯೂಷನ್ ಹೆಚ್ಚಾಗಿಲ್ಲ, ಪಂಪ್ ಸೋತಿದೆ. ನ್ಯೂಟ್ರಾನ್ ಎಣಿಕೆ ಜೊತೆಗಿಟ್ಟು ನೋಡಿದರೆ ಯಾವುದೆಂದು ತಕ್ಷಣ ಗೊತ್ತಾಗುತ್ತದೆ.

ಟ್ರಿಟಿಯಂ ಬಳಸುವ ಯಂತ್ರವಾದರೆ ಇನ್ನಷ್ಟು ಜಾಗ್ರತೆ. ಹೈಡ್ರೋಜನ್ ಮತ್ತು ಟ್ರಿಟಿಯಂ ಸೇರಿದ ಅಣುವಿನ ತೂಕವೂ 4. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅದು ಕೊಳೆತು 3 ತೂಕದ ಹೀಲಿಯಂ ಆಗುತ್ತದೆ. ಸೀಲುಗಳು ಲೋಹದವೇ ಆಗಬೇಕು, ಪಂಪಿನಲ್ಲಿ ಎಣ್ಣೆ ಇರಬಾರದು, ಅಳೆದ ಅನಿಲ ಗಾಳಿಗೆ ಹೋಗದೆ ಟ್ರಿಟಿಯಂ ಘಟಕಕ್ಕೆ ವಾಪಸ್ ಹೋಗಬೇಕು. ಇದನ್ನು ತರಬೇತಿ ಇಲ್ಲದೆ ಯಾರೂ ಮುಟ್ಟಬಾರದು.

ಕಾಲೇಜಿನಲ್ಲೇ ಅಭ್ಯಾಸ ಮಾಡಬೇಕೆಂದರೆ

1989ರಲ್ಲಿ ಶುರುವಾದ ಆದಿತ್ಯ ಟೋಕಮ್ಯಾಕ್ (ಕಾಂತಕ್ಷೇತ್ರದಲ್ಲಿ ಪ್ಲಾಸ್ಮಾ ಹಿಡಿದಿಡುವ ಯಂತ್ರ) ಇರುವ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಗೆ ಹೋಗುವ ತನಕ ಕಾಯಬೇಕಿಲ್ಲ. ವ್ಯಾಕ್ಯೂಮ್ ಕೋಣೆಯೂ ಸ್ಪೆಕ್ಟ್ರೋಮೀಟರೂ ಇರುವ ಯಾವ ಲ್ಯಾಬಾದರೂ ಸಾಕು. ಒತ್ತಡ 0.01 ಪಾಸ್ಕಲ್‌ಗಿಂತ ಕೆಳಗೆ ಇಳಿಯುವವರೆಗೆ ಸ್ಪೆಕ್ಟ್ರೋಮೀಟರಿನ ಫಿಲಮೆಂಟ್ (ಎಲೆಕ್ಟ್ರಾನ್ ಹೊರಡಿಸುವ ತಂತಿ) ಹಚ್ಚಬೇಡಿ, ಸುಟ್ಟುಹೋಗುತ್ತದೆ. ಸೂಜಿ ವಾಲ್ವಿನಿಂದ ಸ್ವಲ್ಪ ಗಾಳಿ ಬಿಟ್ಟು 14, 18, 28, 32, 40 ಗುರುತಿಸಿ. ಆಮೇಲೆ ಆರ್ಗಾನ್ ಬಿಡಿ: 40ರ ಜೊತೆ 20ರಲ್ಲೂ ಶಿಖರ ಏಳುತ್ತದೆ. ಎಲೆಕ್ಟ್ರಾನ್ ಶಕ್ತಿಯನ್ನು 70ರಿಂದ 40 ಎಲೆಕ್ಟ್ರಾನ್ ವೋಲ್ಟಿಗೆ ಇಳಿಸಿ. 40 ತೂಕದ ಶಿಖರ ಉಳಿಯುತ್ತದೆ, 20ರದು ಮಾಯವಾಗುತ್ತದೆ. ಎರಡು ಎಲೆಕ್ಟ್ರಾನ್ ಕೀಳಲು 43 ಎಲೆಕ್ಟ್ರಾನ್ ವೋಲ್ಟ್ ಮೀರಿ ಬೇಕು. ಮಾಯವಾಗದಿದ್ದರೆ ಒಂದೋ ಅಲ್ಲಿ ಬೇರೆ ಯಾವುದೋ ಅನಿಲ ಇದೆ, ಇಲ್ಲ ನಿಮ್ಮ ಡಯಲ್ ತಪ್ಪು ತೋರಿಸುತ್ತಿದೆ. ಯಾವುದೆಂದು ಹಿನ್ನೆಲೆಯ ಓದು ತೆಗೆದು ನೋಡಿ.